ಮನಸ್ಸಿಗೆ ಹಿಡಿದ ಕೊಳಗ

ನದಿಮೂಲ, ಋಷಿಮೂಲ ಕೇಳಬಾರದು ಎನ್ನುವುದು ಹಿರಿಯರ ಮಾತು. ಋಷಿಗಳ ವಿಚಾರ ಇರಲಿ, ನದಿಯ ಮಟ್ಟಿಗೆ ಸಾಗರ ಸೀಮೆಯವರು ಈ ಮಾತಿಗೆ ಕಿವಿಗೊಟ್ಟವರಲ್ಲ. ಪೇಟೆಯಿಂದ ಇಕ್ಕೇರಿ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ ವರದಮೂಲ. ಗುಡಿ, ಕಲ್ಲಿನ ಮೆಟ್ಟಿಲು, ಕೊಳ, ಕೊಳದಲ್ಲಿ ಸದ್ದಿಲ್ಲದೆ ಏಳುವ ನೀರು. ಮುಂದೆ ಬನವಾಸಿಯನ್ನು ಬಳಸಿಕೊಂಡು ಹೋಗಿ ಗಳಗನಾಥದಲ್ಲಿ ತುಂಗಭದ್ರೆಗೆ ಸೇರುವ ವರದೆ ಇಲ್ಲಿ ಬೊಗಸೆಗೆ ಸಿಗುತ್ತಾಳೆ. ಮೂಲ ಕೇಳಿದವರಿಗೆ ಬೆರಳು ಮಾಡಿ ತೋರಿಸಬಹುದು.

ಮನುಷ್ಯನ ಮನಸ್ಸಿಗೆ ಇಂಥ ಕೊಳವಿಲ್ಲ. ಮೂಳೆ ಮಣ್ಣಿನಲ್ಲಿ ಉಳಿಯುತ್ತದೆ, ಕಲ್ಲಿನ ಕೊಡಲಿ ಉಳಿಯುತ್ತದೆ. ನಾಚಿಕೆ ಉಳಿಯುವುದಿಲ್ಲ. ಭಯ, ಹೇಸಿಗೆ, ಹಂಚಿ ತಿನ್ನುವ ಬುದ್ಧಿ, ಕದ್ದು ತಿನ್ನುವ ಬುದ್ಧಿ ಯಾವುದೂ ಪಳೆಯುಳಿಕೆಯಾಗಿ ಸಿಗುವುದಿಲ್ಲ. ಹಾಗಾಗಿ ಮನುಷ್ಯನ ನಡವಳಿಕೆ ಹೇಗೆ ಬೆಳೆದು ಬಂತು ಎಂದು ಹುಡುಕಿದವರೆಲ್ಲ ಸುತ್ತು ದಾರಿ ಹಿಡಿದರು. ಬದುಕಿರುವವರನ್ನು ಕೇಳಿದರು, ಅಳೆದರು, ಅವರ ಜಗುಲಿಯ ಮೇಲೆ ವರ್ಷಗಟ್ಟಲೆ ಕೂತು ಬರೆದುಕೊಂಡರು. ಅಂಥ ಕೆಲವರು ನಮ್ಮ ಮಲೆನಾಡಿಗೂ ಬಂದರು. ಅವರು ಇಲ್ಲಿಂದ ಕೊಂಡೊಯ್ದ ಟಿಪ್ಪಣಿಗಳು ಸಿಯಾಟಲ್‌ನಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ, ಲಂಡನ್‌ನಲ್ಲಿ ಏನೇನೋ ವಾದಗಳಿಗೆ ಸಾಕ್ಷಿಯಾದವು. ಇಲ್ಲಿನ ಬಹಳ ಜನಕ್ಕೆ ಅದು ಗೊತ್ತಾಗಲೇ ಇಲ್ಲ.

ಈ ಬಗೆಯ ಹುಡುಕಾಟಕ್ಕೆ ಶಾಸ್ತ್ರೀಯ ರೂಪ ಕೊಟ್ಟವನು ಡಾರ್ವಿನ್. 1867ರಲ್ಲಿ ಆತ 16 ಪ್ರಶ್ನೆಗಳ ಒಂದು ಪಟ್ಟಿ ಅಚ್ಚು ಹಾಕಿಸಿ ಜಗತ್ತಿನ ನಾನಾ ಮೂಲೆಗಳಲ್ಲಿದ್ದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಕಳಿಸಿದ. ನಿಮ್ಮ ಕಡೆಯ ಜನ ಆಶ್ಚರ್ಯವಾದಾಗ ಕಣ್ಣು ಬಾಯಿ ಅಗಲಿಸುತ್ತಾರೆಯೇ, ನಾಚಿದರೆ ಮುಖ ಕೆಂಪಗಾಗುತ್ತದೆಯೇ, ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೆ, ಇಲ್ಲ ಎನ್ನಲು ಅಡ್ಡಡ್ಡ ಆಡಿಸುತ್ತಾರೆಯೇ? ಈ ಕೊನೆಯ ಪ್ರಶ್ನೆಯನ್ನು ಸಾಗರದ ಅಡಿಕೆ ಮಂಡಿಯಲ್ಲಿ ನಿಂತು ಕೇಳಿದ್ದರೆ ಡಾರ್ವಿನ್ನನ ಪುಸ್ತಕ ಒಂದೆರಡು ವರ್ಷ ತಡವಾಗುತ್ತಿತ್ತೋ ಏನೋ. ನಮ್ಮವರ ತಲೆ ಆಡುವ ರೀತಿಗೆ ಹೌದು, ಇಲ್ಲ, ನೋಡೋಣ, ರೇಟು ಸಾಲದು ಎಂದು ನಾಲ್ಕು ಅರ್ಥ. ಒಟ್ಟು 36 ಉತ್ತರಗಳು ಬಂದವು. ಭಾರತದಿಂದ ಬರೆದವರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಸ್ಕಾಟ್ ಒಬ್ಬ. ಉತ್ತರಗಳನ್ನೆಲ್ಲ ಸೇರಿಸಿ 1872ರಲ್ಲಿ ಡಾರ್ವಿನ್ ಭಾವಾಭಿವ್ಯಕ್ತಿಯ ಪುಸ್ತಕ ಬರೆದ. ಮುಖದ ಮೇಲೆ ಮೂಡುವ ಮುಖ್ಯ ಭಾವಗಳು ಎಲ್ಲ ಜನಾಂಗಗಳಲ್ಲೂ ಒಂದೇ, ಆದ್ದರಿಂದ ಮೂಲವೂ ಒಂದೇ ಎನ್ನುವುದು ಅವನ ತೀರ್ಮಾನ. ಪ್ರಶ್ನಾವಳಿಯ ಜೊತೆ ಒಂದು ಎಚ್ಚರಿಕೆಯನ್ನೂ ಸೇರಿಸಿದ್ದ: ನೆನಪಿನಿಂದ ಬರೆಯಬೇಡಿ, ಇಂಥ ವಿಷಯದಲ್ಲಿ ನೆನಪು ಮೋಸ ಮಾಡುತ್ತದೆ. ಈ ಮಾತು ಮುಂದೆ ಮೈಸೂರಿನವರೊಬ್ಬರ ವಿಷಯದಲ್ಲಿ ಬೇರೆಯದೇ ರೀತಿಯಲ್ಲಿ ಎದುರಾಗುತ್ತದೆ.

ಪ್ರಶ್ನಾವಳಿ ಬಿಟ್ಟು ಉಪಕರಣ ಹಿಡಿದು ನಮ್ಮ ಪಕ್ಕಕ್ಕೇ ಬಂದವರು ಕೇಂಬ್ರಿಜ್‌ನ ಡಬ್ಲ್ಯು. ಎಚ್. ಆರ್. ರಿವರ್ಸ್. 1898ರಲ್ಲಿ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋಗಿಬಂದಿದ್ದ ಅವರು 1901–02ರಲ್ಲಿ ನೀಲಗಿರಿಯ ತೊದವರ ನಡುವೆ ಉಳಿದರು. ಕಾಡಿನ ಜನರಿಗೆ ಕಣ್ಣು ಕಿವಿ ಮೂಗು ಚುರುಕು, ಅದಕ್ಕೇ ಅವರ ಬುದ್ಧಿ ಬೆಳೆದಿಲ್ಲ ಎಂಬ ನಂಬಿಕೆ ಆಗಿನ ಪಂಡಿತರಲ್ಲಿ ಬೇರೂರಿತ್ತು. ರಿವರ್ಸ್ ಪರೀಕ್ಷಿಸಿ ನೋಡಿದರು. ಅಂಥ ಅತಿಶಯದ ಚುರುಕೇನೂ ಕಾಣಲಿಲ್ಲ. ಒಂದೇ ಉದ್ದದ ಎರಡು ಗೆರೆಗಳ ತುದಿಗೆ ಬಾಣದ ಗುರುತು ಒಳಮುಖ ಹೊರಮುಖ ಹಾಕಿದರೆ ಒಂದು ಗಿಡ್ಡ, ಒಂದು ಉದ್ದ ಕಾಣುತ್ತದಲ್ಲ, ಆ ಭ್ರಮೆಗೆ ಮಾತ್ರ ತೊದವರು ಇಂಗ್ಲಿಷರಿಗಿಂತ ಕಡಿಮೆ ಮೋಸಹೋದರು. ಯಾರು ಹಿಂದುಳಿದವರು ಎಂದು ಅಳೆಯಲು ತಂದ ಕಡ್ಡಿ ತಂದವರ ಕಡೆಗೇ ತಿರುಗಿತ್ತು. ಅಲ್ಲಿಯೇ ರಿವರ್ಸ್ ವಂಶಾವಳಿ ಬರೆದುಕೊಳ್ಳುವ ಪದ್ಧತಿಯನ್ನೂ ಹದಕ್ಕೆ ತಂದರು. ಯಾರ ಮಗ ಯಾರು, ಯಾರಿಗೆ ಯಾರನ್ನು ಕೊಟ್ಟಿದ್ದು ಎಂದು ಮನೆಮನೆಗೆ ಕೇಳಿ ಜಾಲ ಹೆಣೆದರೆ ಊರಿನ ಅಸಲಿ ಕಟ್ಟಳೆ ತಾನಾಗಿ ಹೊರಬೀಳುತ್ತದೆ. ನಮ್ಮಲ್ಲಿ ಇದನ್ನು ಮದುವೆ ದಲ್ಲಾಳಿಗಳು ಎಂದಿನಿಂದಲೂ ಮಾಡುತ್ತಿದ್ದರು, ಪುಸ್ತಕ ಬರೆಯಲಿಲ್ಲ ಅಷ್ಟೆ.

ಅದೇ ಹೊತ್ತಿಗೆ ಸರ್ಕಾರದ ಅಳತೆಯೂ ಶುರುವಾಗಿತ್ತು. ರಿಸ್ಲಿ ಎಂಬ ಅಧಿಕಾರಿ ಮೂಗಿನ ಅಗಲ ಉದ್ದಗಳ ಲೆಕ್ಕದಿಂದ ಜಾತಿಯ ಮೇಲು ಕೀಳನ್ನು ಓದಬಹುದು ಎಂದು ನಂಬಿದ್ದ. ಮದ್ರಾಸಿನ ವಸ್ತುಸಂಗ್ರಹಾಲಯದ ಥರ್ಸ್ಟನ್ ಕೈವಾರ ಹಿಡಿದು ತಲೆಗಳನ್ನು ಅಳೆದ. ಮೈಸೂರು ಸಂಸ್ಥಾನದಲ್ಲಿ ಜನಾಂಗ ಸಮೀಕ್ಷೆಯ ಹೊಣೆ ಬಿದ್ದದ್ದು ಎಚ್. ವಿ. ನಂಜುಂಡಯ್ಯನವರ ಮೇಲೆ. ಮುಂದೆ 1915ರಲ್ಲಿ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು ಆದವರೇ ಅವರು. ಒಂದೊಂದು ಜಾತಿಯ ಮೇಲೂ ಕಿರುಹೊತ್ತಗೆ ಹೊರಡಿಸಿದರು. ಅವರು 1920ರಲ್ಲಿ ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಕೆಲಸ ಮುಂದುವರಿಸಿ 1928ರಿಂದ 1935ರೊಳಗೆ ನಾಲ್ಕು ಸಂಪುಟಗಳನ್ನು ಮುಗಿಸಿದರು. ಹವ್ಯಕರು, ದೀವರು, ಹೊಲೆಯರು, ಹಸಲರು ಎಲ್ಲರೂ ಇಂಥ ಸಂಪುಟಗಳ ಶೀರ್ಷಿಕೆಗಳಡಿ ಹಂಚಿಹೋದರು. ಮದುವೆ ಹೀಗೆ, ಸೂತಕ ಇಷ್ಟು ದಿನ, ಊಟ ಇಂಥದ್ದು. ಓದಿದರೆ ಮಾಹಿತಿ ಬೇಕಾದಷ್ಟಿದೆ. ಆದರೆ ಆ ಪುಟಗಳಲ್ಲಿ ಯಾರೂ ಹೆದರುವುದಿಲ್ಲ, ಯಾರೂ ಜಗಳ ಆಡುವುದಿಲ್ಲ, ಯಾರ ಮೈಮೇಲೂ ಏನೂ ಬರುವುದಿಲ್ಲ. ಜಾತಿ ಮಾತಾಡುತ್ತದೆ, ಮನುಷ್ಯ ಇಲ್ಲ.

ಮನುಷ್ಯ ಸಿಗಬೇಕಾದರೆ ಊರಲ್ಲಿ ಕೂರಬೇಕು.

ಇಲ್ಲಿಗೆ ಬಂದು ಕೂತವರ ಕಥೆಗೆ ಮೊದಲು ಇನ್ನೊಂದು ಅಳತೆಯ ಕಥೆ ಹೇಳಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಒಕ್ಕಲುಗಳಿಗೂ ಒಡೆಯರಿಗೂ ಜಗಳ ಹತ್ತಿದ್ದು ಕೊಳಗದ ಮೇಲೆ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಒಕ್ಕಲುಗಳ ದೂರು. ಅಳತೆಯ ಪಾತ್ರೆ ಯಾರ ಮನೆಯದೋ ಲೆಕ್ಕ ಅವರದೇ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘದ ಬಲದಲ್ಲಿ 1951ರ ಏಪ್ರಿಲ್‌ನಲ್ಲಿ ದೀವರ ಒಕ್ಕಲುಗಳು ಗದ್ದೆಗಿಳಿದು ಸತ್ಯಾಗ್ರಹ ಹೂಡಿದರು. ಜೈಲು ತುಂಬಿತು. ಶಾಂತವೇರಿ ಗೋಪಾಲಗೌಡರು ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಭೂಸುಧಾರಣೆಯ ಚರಿತ್ರೆಯಲ್ಲಿ ಈ ಘಟನೆಗೆ ದೊಡ್ಡ ಜಾಗವಿದೆ. ನನಗೆ ಇದು ಸಂಶೋಧನಾ ವಿಧಾನದ ಚರಿತ್ರೆಯಲ್ಲೂ ಬರಬೇಕು ಅನ್ನಿಸುತ್ತದೆ. ಅಳೆಯುವುದು ಎಂದರೆ ಯಾರ ಕೊಳಗದಲ್ಲಿ ಎಂಬ ಪ್ರಶ್ನೆಯನ್ನು ಯಾವ ಪ್ರೊಫೆಸರಿಗಿಂತಲೂ ಮೊದಲು, ಜೈಲಿಗೆ ಹೋಗಿ ಕೇಳಿದವರು ಅವರು.

ಇದಾದ ಕೆಲವೇ ವರ್ಷಕ್ಕೆ, 1950ರ ದಶಕದ ನಡುವೆ, ಅಮೆರಿಕದ ಎಡ್ವರ್ಡ್ ಹಾರ್ಪರ್ ಎಂಬ ಮಾನವಶಾಸ್ತ್ರಜ್ಞ ಶಿವಮೊಗ್ಗ ಜಿಲ್ಲೆಯ ಮಲೆನಾಡಿಗೆ ಬಂದರು. ಅವರು ಉಳಿದ ಊರು ಬರಹಗಳಲ್ಲಿ ತೋಟಗದ್ದೆ ಎಂದು ಬರುತ್ತದೆ. ಹೆಸರಿನಲ್ಲೇ ಮಲೆನಾಡಿನ ಭೂಗೋಳ ಇದೆ: ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ಅದರಾಚೆ ಗದ್ದೆ. ತೋಟ ಹವ್ಯಕರದು, ಗದ್ದೆಯ ದುಡಿಮೆ ದೀವರದು, ಎಲ್ಲಕ್ಕಿಂತ ಕಷ್ಟದ ಕೂಲಿ ಹಾರ್ಪರ್ 'ಹೊಲೆರು' ಎಂದು ಬರೆದವರದು. 1957ರಿಂದ 1969ರವರೆಗೆ ಹಾರ್ಪರ್ ಈ ಊರಿನ ಮೇಲೆ ಬರೆದ ಪ್ರಬಂಧಗಳು ಒಂದಾದರೂ ದೊಡ್ಡ ಪುಸ್ತಕವಾಗಲಿಲ್ಲ. ಆದರೂ ಇಡೀ ದಕ್ಷಿಣ ಏಷ್ಯಾದ ಅಧ್ಯಯನದಲ್ಲಿ ಅವುಗಳನ್ನು ತಿರುವಿ ಹಾಕದವರು ಕಡಿಮೆ.

ಮೊದಲನೆಯದು ಕೊಡುಕೊಳ್ಳುವ ಲೆಕ್ಕ. ಬಯಲುಸೀಮೆಯ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ, ಕ್ಷೌರಿಕ, ಅಗಸ ಇವರಿಗೆ ಮನೆತನದಿಂದ ಮನೆತನಕ್ಕೆ ನಡೆದುಬಂದ ಸಂಬಂಧ, ಸುಗ್ಗಿಯಲ್ಲಿ ಕಣದಿಂದಲೇ ಆಯ. ಮಲೆನಾಡಿನಲ್ಲಿ ಹಾಗಿಲ್ಲ ಎಂದು ಹಾರ್ಪರ್ 1959ರಲ್ಲಿ ತೋರಿಸಿದರು. ಅಡಿಕೆ ತಿನ್ನುವ ಬೆಳೆಯಲ್ಲ, ಮಾರುವ ಬೆಳೆ. ದುಡ್ಡು ಮಂಡಿಯಿಂದ ಬರುತ್ತದೆ, ಅಕ್ಕಿ ದುಡ್ಡಿನಿಂದ ಬರುತ್ತದೆ. ಆದ್ದರಿಂದ ಕೆಲಸಕ್ಕೆ ತಕ್ಕ ಕೂಲಿ ಕೊಟ್ಟು ಲೆಕ್ಕ ಚುಕ್ತಾ ಮಾಡುವ ರೂಢಿ ಇಲ್ಲಿ ಮೊದಲಿನಿಂದ ಬೆಳೆದಿತ್ತು. ಇದಾಗಿ ನಾಲ್ಕು ದಶಕಗಳ ಬಳಿಕ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಜಗತ್ತಿನ 15 ಸಣ್ಣ ಸಮಾಜಗಳಲ್ಲಿ ಒಂದು ಆಟ ಆಡಿಸಿದರು. ನಿನಗೆ ಇಷ್ಟು ದುಡ್ಡು, ಅದರಲ್ಲಿ ಒಂದು ಪಾಲು ಗುರುತಿಲ್ಲದವನಿಗೆ ಕೊಡು, ಅವನು ಒಪ್ಪದಿದ್ದರೆ ಇಬ್ಬರಿಗೂ ಸೊನ್ನೆ. ಪೆರುವಿನ ಮಚಿಗೆಂಗಾ ಜನ ಕಾಲುಭಾಗದ ಆಸುಪಾಸು ಕೊಟ್ಟರು. ಇಂಡೋನೇಷ್ಯಾದ ಲಮಲೆರಾದ ತಿಮಿಂಗಿಲ ಬೇಟೆಗಾರರು ಅರ್ಧಕ್ಕಿಂತ ಹೆಚ್ಚು ಕೊಟ್ಟರು. ಮಾರುಕಟ್ಟೆಯ ಒಡನಾಟ ಹೆಚ್ಚಿದ್ದ ಕಡೆ, ಕೂಡಿ ದುಡಿಯುವ ರೂಢಿ ಇದ್ದ ಕಡೆ ಪಾಲು ಸಮದ ಹತ್ತಿರ ಬರುತ್ತಿತ್ತು. ನ್ಯಾಯದ ಬುದ್ಧಿ ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬಂದದ್ದಲ್ಲ, ಜೀವನದ ರೀತಿ ಅದನ್ನು ತಿದ್ದುತ್ತದೆ ಎಂದಾಯಿತು. ತೋಟಗದ್ದೆಯ ಕೂಲಿ ಲೆಕ್ಕದಲ್ಲಿ ಈ ಮಾತಿನ ಸುಳಿವು ಆಗಲೇ ಇತ್ತು. ಆದರೆ ಕಾಗೋಡನ್ನು ನೆನಪಿಟ್ಟುಕೊಂಡವರು ಒಂದು ಮಾತು ಸೇರಿಸುತ್ತಾರೆ. ಆಟದಲ್ಲಿ ಪಾಲು ತಿರಸ್ಕರಿಸಿದವನಿಗೆ ಹೋಗುವುದು ಒಂದು ದಿನದ ದುಡ್ಡು, ಗದ್ದೆಯಲ್ಲಿ ತಿರಸ್ಕರಿಸಿದವನಿಗೆ ಹೋಗುವುದು ಗದ್ದೆ.

ಎರಡನೆಯದು ದೇವರ ಲೆಕ್ಕ. ಊರಿನವರ ಬಾಯಲ್ಲೇ ಇದ್ದ ಮೂರು ಮಾತುಗಳನ್ನು ಹಾರ್ಪರ್ ಹಾಗೆಯೇ ಎತ್ತಿಕೊಂಡರು: ದೇವರು, ದೇವತೆ, ದೆವ್ವ. ದೇವರಿಗೆ ಹಣ್ಣುಕಾಯಿ, ದೇವತೆಗೆ ರಕ್ತ, ದೆವ್ವಕ್ಕೆ ಭಯ. ದೇವರ ಕಾಟ ಎಂದು ಯಾರೂ ಹೇಳುವುದಿಲ್ಲ, ಚೌಡಿಯ ಕಾಟ ಎನ್ನುತ್ತಾರೆ. ಕಷ್ಟ ಬಂದಾಗ ಮಡಿವಂತರೂ ಬೇರೆ ಜಾತಿಯ ಪಾತ್ರಿಯ ಹತ್ತಿರ ಕೇಳಿಸಲು ಹೋಗುವುದನ್ನು ಅವರು ಗಮನಿಸಿದರು. ಊರಿನ ಶ್ರೇಣಿ ಹಗಲಿನಲ್ಲಿ ಒಂದು ಥರ, ಕಾಯಿಲೆ ಬಿದ್ದ ರಾತ್ರಿಯಲ್ಲಿ ಇನ್ನೊಂದು ಥರ.

ಮೂರನೆಯದೇ ಹೆಚ್ಚು ಹೆಸರಾದದ್ದು. 1964ರಲ್ಲಿ ಬಂದ ಮೈಲಿಗೆಯ ಪ್ರಬಂಧದಲ್ಲಿ ಹಾರ್ಪರ್ ಮಡಿ, ಮೈಲಿಗೆ, ಮುಟ್ಟುಚಟ್ಟು ಎಂಬ ಮೆಟ್ಟಿಲುಗಳನ್ನು ಬಿಡಿಸಿಟ್ಟರು. ಯಾರು ಯಾವಾಗ ಯಾವ ಮೆಟ್ಟಿಲಲ್ಲಿ ಇರುತ್ತಾರೆ, ಯಾವುದನ್ನು ಮುಟ್ಟಿದರೆ ಎಲ್ಲಿಗೆ ಇಳಿಯುತ್ತಾರೆ, ಹತ್ತಿ ಬಟ್ಟೆಗೂ ರೇಷ್ಮೆಗೂ ಏಕೆ ವ್ಯತ್ಯಾಸ, ಇದನ್ನೆಲ್ಲ ಪಂಚಾಂಗದಷ್ಟು ಶಿಸ್ತಾಗಿ ಬರೆದರು. ಜಾತಿಯ ಏಣಿಯೂ ಪೂಜೆಯ ಏಣಿಯೂ ಒಂದೇ ತತ್ವದ ಮೇಲೆ ನಿಂತಿವೆ ಎನ್ನುವುದು ಅವರ ವಾದ. ಇಪ್ಪತ್ತು ವರ್ಷದ ಮೇಲೆ, 1986ರಲ್ಲಿ, ಫಿಲಡೆಲ್ಫಿಯಾದ ಪಾಲ್ ರೋಜಿನ್ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದರು. ಕ್ರಿಮಿಶುದ್ಧಿ ಮಾಡಿದ ಸತ್ತ ಜಿರಲೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದು, ಈಗ ಕುಡಿಯಿರಿ ಎಂದರು. ಓದಿದ ಅಮೆರಿಕನ್ನರು ಕುಡಿಯಲೊಲ್ಲರು. ಕ್ರಿಮಿ ಇಲ್ಲ ಎಂದು ಗೊತ್ತು, ಆದರೂ ಒಲ್ಲರು. ಒಮ್ಮೆ ತಗುಲಿದ್ದು ತಗುಲಿದ್ದೇ ಎಂಬ ಈ ಭಾವ ಕೊಳೆತ ಮಾಂಸ, ಮಲಗಳಿಂದ ದೂರ ಇರಿಸಿ ನಮ್ಮ ಪೂರ್ವಜರನ್ನು ಬದುಕಿಸಿರಬಹುದು ಎಂದು ವಿಕಾಸದ ಪಂಡಿತರು ಹೇಳುತ್ತಾರೆ. ಇರಬಹುದು. ಆದರೆ ಇಲ್ಲಿಗೆ ನಿಂತು, ನೋಡಿ, ಮಡಿ ಎನ್ನುವುದು ಸಹಜ ಗುಣ ಎಂದು ಷರಾ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜಿರಲೆಗೆ ಹೇಸುವುದು ಹುಟ್ಟಿನಿಂದ ಬಂದಿರಬಹುದು. ತೋಟದಲ್ಲಿ ಕೊನೆ ಇಳಿಸಿದವನ ನೆರಳಿಗೆ ಹೇಸುವುದನ್ನು ಕಲಿಸಬೇಕು, ಮಗುವಿಗೆ ಹೊಡೆದು ಕಲಿಸಬೇಕು. ಪ್ರಯೋಗಾಲಯ ಮೊದಲನೆಯದನ್ನು ತೋರಿಸಿತು. ಕಲಿಸುವುದು ಹೇಗೆ ಎಂದು ಗೊತ್ತಾಗಲು ತೋಟಗದ್ದೆಗೇ ಬರಬೇಕಾಯಿತು.

ಇಲ್ಲೊಂದು ಕಾಕತಾಳೀಯ. ಹಾರ್ಪರ್ ಈ ಪ್ರಬಂಧ ಹೊರತಂದ ಮರುವರ್ಷ, 1965ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ 'ಸಂಸ್ಕಾರ' ಬಂತು. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಮಾಡುವವರಿಲ್ಲ. ಅಮೆರಿಕದ ಒಬ್ಬರು ಹೊರಗಿನಿಂದ ಮೆಟ್ಟಿಲು ಎಣಿಸುತ್ತಿದ್ದ ಹೊತ್ತಿನಲ್ಲೇ ಒಳಗಿನವರೊಬ್ಬರು ಆ ಮೆಟ್ಟಿಲಿನಿಂದ ಜಾರಿ ಬಿದ್ದವನ ಎದೆಬಡಿತ ಬರೆಯುತ್ತಿದ್ದರು. ಎರಡು ವರ್ಷ ಕಳೆದು 1967ಕ್ಕೆ ಕುಪ್ಪಳಿಯ ಕುವೆಂಪು 'ಮಲೆಗಳಲ್ಲಿ ಮದುಮಗಳು' ಕೊಟ್ಟರು. ಅಲ್ಲಿ ಹೊಲೆಯರ ಗುತ್ತಿ ತನ್ನ ನಾಯಿಯ ಜೊತೆ ಕಾಡು ದಾಟುತ್ತಾನೆ. ಹಾರ್ಪರ್ 1968ರಲ್ಲಿ ಹೊಲೆರ ಸೋತುಹೋದ ಚಳವಳಿಯ ಮೇಲೊಂದು ಪ್ರಬಂಧ ಬರೆದರು, ಒಳ್ಳೆಯ ಪ್ರಬಂಧ. ಗುತ್ತಿಯ ನಡಿಗೆ ಅದರಲ್ಲಿಲ್ಲ. ಮನಸ್ಸಿನ ಅಧ್ಯಯನಕ್ಕೆ ಕಾದಂಬರಿಯೂ ಒಂದು ವಿಧಾನ ಎಂದರೆ ವಿಜ್ಞಾನಿಗಳು ನಗಬಹುದು. ನಗಲಿ.

ಹಾರ್ಪರ್ ಬರಹಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹೆಂಗಸರ ಮೇಲಿನ ಎರಡು. 1963ರದ್ದು ಮೈಮೇಲೆ ಬರುವ ವಿಚಾರ. ಹೊಸದಾಗಿ ಮದುವೆಯಾಗಿ ಬಂದ ಎಳೆಯ ಸೊಸೆಯರಿಗೆ ದೆಯ್ಯ ಮೆಟ್ಟಿಕೊಳ್ಳುವುದು ಹೆಚ್ಚು. ಅತ್ತೆಯ ಮನೆಯಲ್ಲಿ ಬಾಯಿ ಬಿಡಲಾಗದ ಹುಡುಗಿ ಬೇರೊಂದರ ಬಾಯಿಂದ ಮಾತಾಡುತ್ತಾಳೆ, ಆಗ ಮನೆಮಂದಿಯೆಲ್ಲ ಸುತ್ತ ಕೂತು ಏನು ಬೇಕು ಎಂದು ಕೇಳುತ್ತಾರೆ. ಲಂಡನ್‌ನ ಐ. ಎಂ. ಲೂಯಿಸ್ 1971ರಲ್ಲಿ ಈ ವಿವರವನ್ನು ಸೊಮಾಲಿ ಹೆಂಗಸರ ಮೈಮೇಲೆ ಬರುವ ಭೂತಗಳ ಪಕ್ಕದಲ್ಲಿಟ್ಟು, ಬಲವಿಲ್ಲದವರು ದೆವ್ವದ ನೆಪದಲ್ಲಿ ಪ್ರತಿಭಟಿಸುತ್ತಾರೆ ಎಂಬ ಹೆಸರಾಂತ ಸಿದ್ಧಾಂತ ಕಟ್ಟಿದರು. ಸಾಗರ ಸೀಮೆಯ ಯಾವುದೋ ಮನೆಯ ಒಳಗೆ ಅತ್ತ ಹುಡುಗಿ ಆಫ್ರಿಕದ ಹೆಂಗಸಿನ ಸಾಕ್ಷಿದಾರಳಾದಳು. ದೂರದ ಸಮಾಜಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ವಿಕಾಸದ ಅಧ್ಯಯನಕ್ಕೆ ಬಿಡಲಾಗದ ವಿಧಾನ. ಒಂದೇ ನಡವಳಿಕೆ ಸಂಪರ್ಕವೇ ಇಲ್ಲದ ಎರಡು ಕಡೆ ಕಂಡರೆ ಕಾರಣ ಆಳದಲ್ಲಿದೆ ಎಂದು ಊಹಿಸಬಹುದು. ಆದರೆ ಸಾಲಿನಲ್ಲಿ ನಿಂತ ಮೇಲೆ ಹುಡುಗಿ ಹೋಗಿ 'ಪ್ರಕರಣ' ಉಳಿಯುತ್ತದೆ. ಏನು ಬೇಕು ಎಂದು ಕೇಳಿದಾಗ ಅವಳು ಏನು ಕೇಳಿದಳು?

1969ರ ಪ್ರಬಂಧ ವಿಧವೆಯರ ಮೇಲೆ. ಮದ್ದು ಹಾಕುತ್ತಾರೆ ಎಂಬ ಹೆದರಿಕೆ ನಮ್ಮ ಕಡೆ ಈಗಲೂ ಹಳಬರ ಬಾಯಲ್ಲಿದೆ. ಅನ್ನದಲ್ಲಿ ಬೆರೆಸಿ ಕೊಟ್ಟರೆ ತಿಂದವನು ಮೆಲ್ಲಗೆ ಸವೆದು ಹೋಗುತ್ತಾನಂತೆ. ಹವ್ಯಕರಲ್ಲಿ ಈ ಸಂಶಯ ವಿಧವೆಯರ ಸುತ್ತ ತಿರುಗುವುದನ್ನು ಹಾರ್ಪರ್ ಕಂಡರು. ಊರಿನಲ್ಲಿ ಏನೂ ಅಧಿಕಾರ ಇಲ್ಲದವಳು ಅವಳೇ. ತಲೆ ಬೋಳು, ಕೆಂಪು ಸೀರೆ, ಮಂಗಳ ಕಾರ್ಯಕ್ಕೆ ಬರುವಂತಿಲ್ಲ. ಎಲ್ಲವನ್ನೂ ಕಿತ್ತುಕೊಂಡವರು ಕಳೆದುಕೊಂಡವಳಿಗೆ ಏಕೆ ಹೆದರುತ್ತಾರೆ? ಕಿತ್ತುಕೊಂಡಿದ್ದೇ ಕಾರಣ ಎನ್ನುವುದು ಪ್ರಬಂಧದ ತಿರುಳು. ಅನ್ಯಾಯ ಮಾಡಿದವನಿಗೆ ಒಳಗೊಳಗೆ ಗೊತ್ತಿರುತ್ತದೆ. ಈ ವಾದ ನನಗೆ ಒಪ್ಪಿಗೆಯೇ. ಆದರೂ ಇದು ಹೆದರಿದವರ ಮನಸ್ಸಿನ ಚರಿತ್ರೆ. ಗಂಡಸಾಗಿ ಬಂದ ಸಂಶೋಧಕನಿಗೆ ಮಲೆನಾಡಿನ ಮನೆಯಲ್ಲಿ ಹಾಸುವ ಚಾಪೆ ಜಗುಲಿಯದು. ಕವಳದ ಹರಿವಾಣ ಬರುವುದು ಅಲ್ಲಿಗೆ, ಕಥೆ ಬರುವುದೂ ಅಲ್ಲಿಗೆ. ವಿಧವೆ ಇದ್ದದ್ದು ಹಿತ್ತಿಲ ಕಡೆ.

ಹಿತ್ತಿಲ ಬಾಗಿಲಿನಿಂದ ಬಂದವರು ಹೆಲೆನ್ ಉಲ್‌ರಿಕ್. 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟೆಯ ನೀರು ಸಾಗರ ಹೊಸನಗರದ ಊರುಗಳನ್ನು ನುಂಗುತ್ತಿದ್ದ ಕಾಲದಲ್ಲಿ, ಈ ತರುಣಿ ಅದೇ ತೋಟಗದ್ದೆಗೆ ಬಂದರು. ಮೊದಲು ಕೈಗೆತ್ತಿಕೊಂಡದ್ದು ಮನಸ್ಸನ್ನಲ್ಲ, ಭಾಷೆಯನ್ನು. ಉತ್ತರದ ಹವ್ಯಕ ಕನ್ನಡದ ವಾಕ್ಯರಚನೆ ಅವರ ಪಿಎಚ್.ಡಿ. ವಿಷಯ. ಹೊರಗಿನವರು ಒಣ ವ್ಯಾಕರಣ ಎಂದುಕೊಳ್ಳಬಹುದು. ಹವ್ಯಕ ಭಾಷೆ ಗೊತ್ತಿದ್ದವರು ಹಾಗೆನ್ನಲಾರರು. ಅಲ್ಲಿ ಹೆಂಡತಿಯೋ ತಂಗಿಯೋ ಬಂದರೆ 'ಅದು ಬಂತು'. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರದು. ಯಾರಿಗೆ ನೀನು, ಯಾರಿಗೆ ನೀವು, ಯಾರ ಎದುರು ಮಾತೇ ಇಲ್ಲ ಎಂಬ ಲೆಕ್ಕದಲ್ಲಿ ಊರಿನ ಅಧಿಕಾರವೆಲ್ಲ ಅಡಗಿದೆ. ಹೆಂಗಸರ ನಡುವೆ ನಡೆಯುವ ಸಂಬೋಧನೆಯ ರೀತಿಯ ಮೇಲೆ ಉಲ್‌ರಿಕ್ ಮುಂದೆ ಬೇರೆಯೇ ಪ್ರಬಂಧ ಬರೆದರು. ಭಾಷೆ ಕಲಿತವಳಿಗೆ ಒಳಮನೆ ತೆರೆಯಿತು.

ಅವರು ಒಮ್ಮೆ ಬಂದು ಹೋದವರಲ್ಲ. ಮತ್ತೆ ಮತ್ತೆ ಬಂದರು. ನಡುವೆ ವೈದ್ಯಶಾಸ್ತ್ರ ಓದಿ ಮನೋವೈದ್ಯೆಯಾದರು, ನ್ಯೂ ಆರ್ಲಿಯನ್ಸ್‌ನಲ್ಲಿ ನೆಲೆಸಿದರು, ಆಮೇಲೂ ಬಂದರು. ಮೊದಲ ಸಲ ಕಂಡಿದ್ದ ಪುಟ್ಟ ಹುಡುಗಿಯರು ಅಜ್ಜಿಯರಾಗುವುದನ್ನು ನೋಡಿದರು. 1987ರಲ್ಲಿ ಹವ್ಯಕ ಹೆಂಗಸರ ಖಿನ್ನತೆಯ ಮೇಲೆ, 1988ರಲ್ಲಿ ವಿಧವೆಯರ ಮೇಲೆ ಬರೆದರು. ವಿಧವೆಯ ಖಿನ್ನತೆ ಅವಳ ಸ್ಥಿತಿಗೆ ತಕ್ಕ ಪ್ರತಿಕ್ರಿಯೆ ಎಂದು ಆ ಪ್ರಬಂಧದ ತಲೆಬರಹದಲ್ಲೇ ಹೇಳಿದರು. ಮೈಮನಸ್ಸು ಕುಗ್ಗುವುದು ಕೆಟ್ಟುಹೋದ ಯಂತ್ರದ ಲಕ್ಷಣವೋ, ಗೆಲ್ಲಲಾಗದ ಜಾಗದಲ್ಲಿ ಸುಮ್ಮನಿರಿಸುವ ಹಳೆಯ ರಕ್ಷಣೆಯೋ ಎಂದು ರ‍್ಯಾಂಡಾಲ್ಫ್ ನೆಸ್ಸೆಯಂಥ ವಿಕಾಸವಾದಿ ವೈದ್ಯರು 2000ದಲ್ಲಿ ಕೇಳಿದ ಪ್ರಶ್ನೆಗೆ ಇದು ಆಗಲೇ ಅರ್ಧ ಉತ್ತರ. ಜಗುಲಿಯ ಲೆಕ್ಕದಲ್ಲಿ ವಿಧವೆ ಮದ್ದು ಹಾಕುವವಳು. ಹಿತ್ತಿಲ ಲೆಕ್ಕದಲ್ಲಿ ಅವಳೇ ಸವೆದು ಹೋಗುತ್ತಿದ್ದವಳು. ಒಂದೇ ಊರು, ಒಂದೇ ಹೆಂಗಸು, ಎರಡು ಕೊಳಗ.

2017ರಲ್ಲಿ ಉಲ್‌ರಿಕ್ ತಮ್ಮ ಅರ್ಧ ಶತಮಾನದ ಕೆಲಸವನ್ನು 'ತೋಟಗದ್ದೆಯ ಹೆಂಗಸರು: ಮುರಿದ ಮೌನ' ಎಂಬ ಅರ್ಥದ ಇಂಗ್ಲಿಷ್ ಪುಸ್ತಕದಲ್ಲಿ ತಂದರು. ಬಾಲ್ಯದಲ್ಲೇ ಮದುವೆಯಾಗಿ ಬಾಯಿ ಕಟ್ಟಿ ಬದುಕಿದವರಿಂದ ಹಿಡಿದು, ಕಾಲೇಜು ಓದಿ ತಮ್ಮ ಮದುವೆಯ ಬಗ್ಗೆ ತಾವೇ ಮಾತಾಡುವ ಮೊಮ್ಮಕ್ಕಳವರೆಗೆ ಅದು ಸಾಗುತ್ತದೆ. ಹೆಂಗಸಿನ ಸ್ವಭಾವವೇ ಹೀಗೆ ಎಂದು 1964ರಲ್ಲಿ ಯಾರಾದರೂ ಬರೆದಿಟ್ಟಿದ್ದರೆ ಮೂರು ತಲೆಮಾರಿನಲ್ಲಿ ಅದು ಸುಳ್ಳಾಗುತ್ತಿತ್ತು. ಮೂರು ತಲೆಮಾರಿನಲ್ಲಿ ವಂಶವಾಹಿ ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಬಸ್ಸು, ಮದುವೆಯ ವಯಸ್ಸು. ಯಾವುದು ಹುಟ್ಟುಗುಣ, ಯಾವುದು ಊರಿನ ಕಟ್ಟು ಎಂದು ಬೇರ್ಪಡಿಸಲು ಇದಕ್ಕಿಂತ ಗಟ್ಟಿ ವಿಧಾನ ನನಗೆ ಗೊತ್ತಿಲ್ಲ. ಅದೇ ಮನೆಗೆ ಮತ್ತೆ ಹೋಗಬೇಕು, ಅಷ್ಟೆ.

ಬರೆದುಕೊಂಡದ್ದೇ ಕೈತಪ್ಪಿಹೋದರೆ ಏನಾಗುತ್ತದೆ ಎಂಬುದಕ್ಕೆ ಎಂ. ಎನ್. ಶ್ರೀನಿವಾಸರ ಕಥೆ ಇದೆ. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯಲ್ಲಿದ್ದು ಬರೆದುಕೊಂಡ ಟಿಪ್ಪಣಿಗಳು 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಸಿಕ್ಕವು. ಅವರು ನೆನಪಿನಿಂದಲೇ ಊರನ್ನು ಮತ್ತೆ ಕಟ್ಟಿ 1976ರಲ್ಲಿ ಪ್ರಕಟಿಸಿದರು. ನೆನಪನ್ನು ನಂಬಬೇಡಿ ಎಂದ ಡಾರ್ವಿನ್ ಅದನ್ನು ಓದಿದ್ದರೆ ಎಚ್ಚರಿಕೆಯ ಸಾಲನ್ನು ಸ್ವಲ್ಪ ಸಡಿಲ ಮಾಡುತ್ತಿದ್ದನೋ ಏನೋ.

ಇಷ್ಟೂ ಜನ ಮನುಷ್ಯನಿಂದ ಶುರುಮಾಡಿದವರು. ಪ್ರಾಣಿ, ಕಾಡುಗಳಿಂದ ಶುರುಮಾಡಿ ಮನುಷ್ಯನ ಕಡೆ ಬಂದವರು ಮಾಧವ ಗಾಡ್ಗೀಳ್. ಹಾರ್ವರ್ಡ್‌ನಲ್ಲಿ ಪರಿಸರ ವಿಜ್ಞಾನ ಕಲಿತು 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರು ಪಕ್ಕದ ಉತ್ತರ ಕನ್ನಡದ ದೇವರಕಾಡು, ಬೆಟ್ಟ, ಹಳ್ಳಗಳಲ್ಲಿ ವರ್ಷಗಟ್ಟಲೆ ಅಲೆದರು. ಇರಾವತಿ ಕರ್ವೆಯವರ ಜೊತೆ ಕೆಲಸ ಮಾಡಿದ್ದ ಕೆ. ಸಿ. ಮಲ್ಹೋತ್ರಾರೊಡನೆ 1983ರಲ್ಲಿ ಒಂದು ಪ್ರಬಂಧ ಬರೆದು ಜಾತಿಯನ್ನು ಪರಿಸರದ ಕಣ್ಣಿನಿಂದ ನೋಡಿದರು. ಒಂದೇ ಕಾಡಿನಲ್ಲಿ ಹಲವು ಜಾತಿಯ ಹಕ್ಕಿಗಳು ಬೇರೆ ಬೇರೆ ಕೊಂಬೆ, ಬೇರೆ ಬೇರೆ ಹುಳ ಹಂಚಿಕೊಳ್ಳುವಂತೆ ಒಳಮದುವೆಯ ಜಾತಿಗಳು ಕಸುಬನ್ನೂ ಕಾಡುಹೊಳೆಗಳನ್ನೂ ಹಂಚಿಕೊಂಡಿದ್ದವು, ಬೇರೆಯವರ ಪೈಪೋಟಿ ಇಲ್ಲದ್ದರಿಂದ ತಮ್ಮ ಪಾಲನ್ನು ಜೋಪಾನ ಮಾಡಿದವು ಎನ್ನುವುದು ವಾದ. ಅಘನಾಶಿನಿಯ ಅಳಿವೆಯ ಮಾಸೂರು ಲುಕ್ಕೇರಿಯಲ್ಲಿ ಯಾವ ಗುಂಪು ಯಾವ ಮೀನು, ಯಾವ ಚಿಪ್ಪು, ಯಾವ ಸೊಪ್ಪು ಬಳಸುತ್ತದೆ ಎಂದು ಪಟ್ಟಿ ಮಾಡಿದ ಕೆಲಸ ನಿಜಕ್ಕೂ ಚಂದದ್ದು.

ಚಂದದ್ದು, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಕ್ಕಿ ಕೆಳಗಿನ ಕೊಂಬೆಯಲ್ಲಿ ಕೂತದ್ದಕ್ಕೆ ಮೇಲಿನ ಹಕ್ಕಿಗೆ ಗೇಣಿ ಕೊಡುವುದಿಲ್ಲ. ಈ ಪ್ರಬಂಧಕ್ಕೆ ನಾಲ್ಕು ವರ್ಷ ಮೊದಲೇ, 1979ರಲ್ಲಿ, ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವಾಂಟಿನ್ ಒಂದು ಎಚ್ಚರಿಕೆ ಕೊಟ್ಟಿದ್ದರು. ಕಣ್ಣಿಗೆ ಬಿದ್ದ ಪ್ರತಿಯೊಂದಕ್ಕೂ ಒಂದು ಉಪಯೋಗ ಹುಡುಕಿ ಕಥೆ ಕಟ್ಟಬೇಡಿ, ಕಮಾನುಗಳ ನಡುವೆ ತಾನಾಗಿ ಉಳಿಯುವ ಮೂಲೆಯನ್ನು ಯಾರೂ ಬೇಕೆಂದು ಕಟ್ಟಿದ್ದಲ್ಲ ಎಂದಿದ್ದರು. ನಡವಳಿಕೆಯ ಬಗ್ಗೆ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ನಿಕೊ ಟಿನ್‌ಬರ್ಗೆನ್ 1963ರಲ್ಲೇ ಬಿಡಿಸಿಟ್ಟಿದ್ದ: ಈಗ ಅದನ್ನು ಹೊರಡಿಸುವುದು ಯಾವುದು, ಮಗುವಿನಿಂದ ಹೇಗೆ ಬೆಳೆಯಿತು, ಬದುಕಲು ಏನು ಉಪಯೋಗ, ಪೂರ್ವಜರಲ್ಲಿ ಹೇಗಿತ್ತು. ಮನುಷ್ಯರ ವಿಷಯಕ್ಕೆ ಬಂದಾಗ ಐದನೆಯದೊಂದು ಬೇಕು. ಉಪಯೋಗ ಯಾರಿಗೆ?

ಈಚೆಗೆ ಈ ವಿದ್ಯೆಯ ದೊಡ್ಡ ಆತ್ಮಪರೀಕ್ಷೆ ನಡೆದದ್ದು 2010ರಲ್ಲಿ. ಮನುಷ್ಯರ ಮನಸ್ಸು ಎಂದು ಪಠ್ಯಪುಸ್ತಕಗಳು ಹೇಳುವುದರ ಬಹುಪಾಲು ಪಶ್ಚಿಮದ ಶ್ರೀಮಂತ ದೇಶಗಳ ಕಾಲೇಜು ಹುಡುಗರ ಮನಸ್ಸು, ಜಗತ್ತಿನ ಲೆಕ್ಕದಲ್ಲಿ ಅವರೇ ವಿಚಿತ್ರ ಎಂದು ಹೆನ್ರಿಕ್, ಹೈನೆ, ನೊರೆಂಜಯಾನ್ ಬರೆದರು. ಬೇರೆ ಕಡೆ ಹೋಗಿ ಎಂಬ ಕರೆ ಕೇಳಿತು. ಹೋಗಿದ್ದರ ಫಲ ಏನೆಂದು ತೋಟಗದ್ದೆ ಅರ್ಧ ಶತಮಾನದಿಂದ ಹೇಳುತ್ತಲೇ ಇತ್ತು.

ಈಗ ಓದುವವರಿಗೊಂದು ಮಾತು. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಮಂಡಿ ಲೆಕ್ಕ, ಕೂಲಿ ಪಟ್ಟಿ, ಗೇಣಿ ಚೀಟಿ, ಅಜ್ಜನ ದಿನಚರಿ, ಮುಳುಗಡೆಯಾದ ಮನೆಯಿಂದ ತಂದ ಪೆಟ್ಟಿಗೆ ಇದ್ದರೆ ಗುಜರಿಯವನಿಗೆ ಹಾಕಬೇಡಿ. ಯಾರಿಗೆ ಎಷ್ಟು ಕೊಟ್ಟರು, ಯಾರ ಹೆಸರು ಪೂರ್ತಿ ಬರೆದರು, ಯಾರದ್ದು ಬರೆಯಲಿಲ್ಲ ಎಂಬುದೆಲ್ಲ ಅದರಲ್ಲಿರುತ್ತದೆ. ಓಲೆಗರಿ, ಕಡತಗಳನ್ನು ಕೂಡಿಟ್ಟ ಕೆಳದಿಯ ವಸ್ತುಸಂಗ್ರಹಾಲಯ ಸಾಗರದ ಪಕ್ಕದಲ್ಲೇ ಇದೆ, ಹೋಗಿ ಕೇಳಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಮೊದಲು ಅವರ ಹತ್ತಿರ ಕೂರಿ, ಜಗುಲಿಯಲ್ಲಲ್ಲ, ಒಳಗೆ. ತೋಟದಲ್ಲಿ ದುಡಿದ ಮನೆಯ ಅಜ್ಜಿಯಾದರೆ ಇನ್ನೂ ಬೇಗ ಹೋಗಿ. ಅವರ ಮಾತು ಇದುವರೆಗೆ ಯಾವ ಕೊಳಗಕ್ಕೂ ಸರಿಯಾಗಿ ಬಿದ್ದಿಲ್ಲ.